ಉಳಿದದ್ದು ಡ್ರೈವರನ್ನು ಕೇಳಿ

"ಒದ್ದೆ ನೆಲದ ಮೇಲೆ ಇಡಬೇಡ್ರೋ, ಕೆಳಗೆ ಚಾಪೆ ಹಾಸ್ರೋ!" ಎಂದು ಅರಬಾ ಕೂಗುವಷ್ಟರಲ್ಲಿ ಎರಡು ಕಟ್ಟು ಅಂಗಳಕ್ಕೆ ಬಿದ್ದಾಗಿತ್ತು.

ಅವಳ ಅಪ್ಪನ ಕೋಣೆಯನ್ನು ಖಾಲಿ ಮಾಡುತ್ತಿದ್ದರು. ವಾರಗಟ್ಟಲೆ ಶವಾಗಾರದಲ್ಲಿ ಇಟ್ಟಿದ್ದ ಅವನನ್ನು ತರುವ ಗಾಡಿ ಇನ್ನೇನು ಬರುವುದರಲ್ಲಿತ್ತು. ಹಿತ್ತಾಳೆ ಮಂಚ ಹಾಕಿ, ಒಳ್ಳೆಯ ಬಟ್ಟೆ ಹೊದಿಸಿ, ಬಂದವರೆಲ್ಲ ನೋಡುವಂತೆ ಮಲಗಿಸಬೇಕು. ಮಂಚ ಇಡಲು ಜಾಗವೆಲ್ಲಿ? ಗೋಡೆಯಿಂದ ಗೋಡೆಗೆ ಅವನೇ ಬರೆದ ಒಂದೇ ಪುಸ್ತಕದ ಕಟ್ಟುಗಳು. ಅಪ್ಪ ಎಬೋ ಎಸ್ಸುಮನ್ ಬದುಕಿದ್ದಷ್ಟು ದಿನ ಅವುಗಳ ಮೇಲೆಯೇ ಹಾಸಿಗೆ ಹಾಸಿ ಮಲಗಿದವನು. ಮಾರಾಟವಾದಂತೆ ಹಾಸಿಗೆ ತಗ್ಗುತ್ತಿತ್ತು, ಹೊಸದಾಗಿ ಅಚ್ಚಾಗಿ ಬಂದಾಗ ಏರುತ್ತಿತ್ತು. ವ್ಯಾಪಾರ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಪರವಾಗಿಲ್ಲ ಕಣಯ್ಯ, ಕೂತರೆ ಕಾಲು ನೆಲಕ್ಕೆ ಮುಟ್ತಾ ಇದೆ" ಎನ್ನುತ್ತಿದ್ದ.

"ಸತ್ತ ಮೇಲೂ ನನ್ನ ತಮ್ಮನಿಗೆ ಈ ರದ್ದಿಯಿಂದ ಬಿಡುಗಡೆ ಇಲ್ಲ ನೋಡು," ಎಂದ ಕೊಬಿನಾ. ಸತ್ತವನ ಒಡಹುಟ್ಟಿದ ಅಣ್ಣ, ಮನೆತನದ ಯಜಮಾನ. ಕಪ್ಪು ಬಟ್ಟೆಯನ್ನು ಎಡಹೆಗಲ ಮೇಲೆ ಎಳೆದುಕೊಂಡು, ಕೋಲಿನ ತುದಿಯಿಂದ ಒಂದು ಕಟ್ಟನ್ನು ತಿವಿದ. "ಆ ಗೆಣಸು ಕರಿಯೋಳಿಗೆ ಕೊಟ್ಟುಬಿಡಿ. ಪೊಟ್ಟಣ ಕಟ್ಟೋಕಾದ್ರೂ ಆಗುತ್ತೆ."

"ದೊಡ್ಡಪ್ಪಾ, ಕೋಲು ತೆಗಿ. ಅದು ನನ್ನದು."

ಮಾತು ನಿಜವೇ. ನಮ್ಮ ಕಡೆ ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. ಅಪ್ಪನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಹಾಗಾಗಿ ಎಬೋನ ವ್ಯಾನು, ಕೋಣೆ ಎರಡೂ ಸೋದರಳಿಯ ಕ್ವಾಮೆನಾನ ಪಾಲು. ಮಗಳಾದವಳು ಶವಪೆಟ್ಟಿಗೆ ತರಬೇಕು, ಅಷ್ಟೆ. ಅರಬಾ ತಂದಿದ್ದಳು, ಒಳ್ಳೆಯದನ್ನೇ ತಂದಿದ್ದಳು. ತೀರಿಕೊಂಡ ಮರುವಾರ ಹಿರಿಯರು ಸೇರಿದಾಗ "ಮಗಳಿಗೇನು?" ಎಂಬ ಮಾತು ಬಂತು. ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಪುಸ್ತಕಗಳು" ಎಂದರು. ಹಿಂದೆ ಕೂತವರು ಯಾರೋ ಕಿಸಕ್ಕನೆ ನಕ್ಕರು. ಅರಬಾ ನಗಲಿಲ್ಲ. "ಆಯ್ತು, ಕೊಡಿ" ಎಂದಳು.

"ನಿನ್ನದಾದ್ರೆ ಎತ್ಕೊಂಡು ಹೋಗಮ್ಮ, ಯಾರು ಬೇಡ ಅಂದ್ರು," ಎಂದ ಕೊಬಿನಾ. "ಆದ್ರೆ ಕೊನೇನೇ ಇಲ್ಲ ಅದಕ್ಕೆ. ಬಾಲ ಕತ್ತರಿಸಿದ ಮೀನನ್ನ ಸಂತೇಲಿ ಯಾರು ಮುಟ್ತಾರೆ?"

"ಕೊನೆ ಹಾಕಿಸ್ತೀನಿ. ಅಚ್ಚಿನವರ ಹತ್ರ ಮಾತಾಡಿ ಆಗಿದೆ. ನಾಲ್ಕೇ ಪುಟ. ಬರೆದುಕೊಟ್ರೆ ಅಚ್ಚು ಹಾಕಿ ಎಲ್ಲದಕ್ಕೂ ಅಂಟಿಸಿ ಕೊಡ್ತಾರೆ. ಅಪ್ಪನ ಪುಸ್ತಕ ಒಂದ್ಸಲ ಪೂರ್ತಿ ಆಗ್ಲಿ."

"ಅಂದ್ರೆ ಕೊನೆ ನಿನಗೆ ಗೊತ್ತು ಅನ್ನು."

ಅರಬಾ ಬಗ್ಗಿ, ಬಿದ್ದಿದ್ದ ಕಟ್ಟಿನ ಕೆಸರು ಒರೆಸತೊಡಗಿದಳು. ಮಂಕೆಸ್ಸಿಂನಲ್ಲಿ ಅರ್ಧ ಊರಿಗೆ ಗೊತ್ತಿದ್ದ ಆ ಕೊನೆ ಅವಳೊಬ್ಬಳಿಗೆ ಗೊತ್ತಿರಲಿಲ್ಲ.

*

ಆ ಪುಸ್ತಕ ಹುಟ್ಟಿದ್ದು ಕಸೋವಾದ ಟ್ರಾಫಿಕ್ಕಿನಲ್ಲಿ. ಮಂಕೆಸ್ಸಿಂನಿಂದ ಅಕ್ರಾಕ್ಕೆ ವ್ಯಾನು ಓಡಿಸುವವರಿಗೆಲ್ಲ ಗೊತ್ತು, ಅಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ತುಂಬ ಉಂಡು ಒಂದು ನಿದ್ದೆ ತೆಗೆಯಬಹುದು. ಬೇರೆ ಡ್ರೈವರುಗಳು ಹಾರ್ನ್ ಹೊಡೆದು ಅಪ್ಪ ಅಮ್ಮನ ತನಕ ಬೈದಾಡುತ್ತಿದ್ದರು. ಎಬೋ ಸ್ಟೀರಿಂಗಿನ ಮೇಲೆ ಒಂದು ಹಲಗೆ ಇಟ್ಟುಕೊಂಡು ಕತೆ ಬರೆದ. ಎಕುವಾ ಎಂಬ ಹೆಂಗಸು. ಗಂಡ ಮೀನು ಹಿಡಿಯಲು ಹೋದವನು ತಿರುಗಿ ಬಂದಿಲ್ಲ. ಅತ್ತೆಯ ಕಾಟ, ಬಟ್ಟೆ ವ್ಯಾಪಾರಿಯೊಬ್ಬನ ಒತ್ತಾಯ, ಊರಿನವರ ಕೊಂಕು, ಎಲ್ಲವನ್ನೂ ನುಂಗಿಕೊಂಡು ಅವಳು ಪ್ರತಿ ಸಂಜೆ ದಡದಲ್ಲಿ ದೀಪ ಹಚ್ಚಿ ನಿಲ್ಲುತ್ತಾಳೆ. ಕೊನೆಗೊಂದು ದಿನ ಕತ್ತಲಲ್ಲಿ ಒಂದು ದೋಣಿ ಬರುತ್ತದೆ.

ಅಕ್ರಾದ ಪ್ರಕಾಶಕನೊಬ್ಬ ಹಸ್ತಪ್ರತಿಯನ್ನು ಎರಡು ಬೆರಳಲ್ಲಿ ಎತ್ತಿ, "ಡ್ರೈವರ್ ಬರೆದ ಪುಸ್ತಕ ಯಾರಯ್ಯ ಓದ್ತಾರೆ?" ಎಂದ.

"ಪ್ಯಾಸೆಂಜರುಗಳು ಸ್ವಾಮಿ," ಎಂದು ಹೇಳಿ ಎಬೋ ಎದ್ದು ಬಂದ. ತಾನೇ ಅಚ್ಚು ಹಾಕಿಸುವುದೆಂದು ಅವತ್ತೇ ತೀರ್ಮಾನ ಮಾಡಿದ.

ಅಚ್ಚಿನ ಮನೆಯವನು ಲೆಕ್ಕ ಹಾಕಿ ತಲೆ ಕೆರೆದುಕೊಂಡ. ತಂದ ದುಡ್ಡಿಗೆ ಕಾಗದ ಸಾಲುವುದಿಲ್ಲ, ಕೊನೆಯ ನಾಲ್ಕು ಪುಟಕ್ಕಾಗಿ ಮತ್ತೊಂದು ಹಾಳೆಯ ಮುದ್ರಣದ ಖರ್ಚು ಮೈಮೇಲೆ ಬರುತ್ತದೆ.

"ಹಾಗಾದ್ರೆ ಕೊನೆ ಬಿಟ್ಟುಬಿಡಿ."

"ಕೊನೆ ಬಿಟ್ರೆ ಜನ ಒದೀತಾರೆ ಮಾರಾಯ."

"ಒದೆಯೋಕೆ ನನ್ನನ್ನ ಹುಡುಕ್ಕೊಂಡು ಬರಬೇಕಲ್ವಾ? ಬರ್ಲಿ."

ಹಾಗೆ ಆ ಪುಸ್ತಕದ ಕೊನೆಯ ಸಾಲು, 'ದೋಣಿ ದಡ ಮುಟ್ಟಿತು. ಎಕುವಾ ದೀಪ ಎತ್ತಿ ಹಿಡಿದಳು. ಅದರಿಂದ ಇಳಿದವನು' ಎಂಬಲ್ಲಿಗೆ ನಿಂತಿತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ಉಳಿದದ್ದು ಡ್ರೈವರನ್ನು ಕೇಳಿ. ಮಂಕೆಸ್ಸಿಂ ನಿಲ್ದಾಣ, ಅಕ್ರಾ ವ್ಯಾನುಗಳ ಸಾಲು.'

ಬಂದರು. ಒದೆಯಲೆಂದೇ ಬಂದವರೂ ಇದ್ದರು. ಎಬೋ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಸ್ಟೀರಿಂಗಿನ ಮುಂದೆ ಕೂತು, ಎರಡೂ ಕಡೆ ಗಾಜು ಏರಿಸಿ, ಇಳಿದವನು ಯಾರೆಂದು ಹೇಳುತ್ತಿದ್ದ. ಹೇಳುವ ಮುಂಚೆ ಒಂದು ಆಣೆ. "ಯಾರಿಗೂ ಬಾಯಿ ಬಿಡಬಾರದು. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ." ಕೇಳಿಸಿಕೊಂಡವರು ಕಣ್ಣೊರೆಸಿಕೊಂಡು ಇಳಿಯುತ್ತಿದ್ದರು, ಇಲ್ಲವೇ ನಗುತ್ತ ಇಳಿಯುತ್ತಿದ್ದರು. ಅದನ್ನು ಕಂಡ ಹತ್ತು ಜನ ಪುಸ್ತಕ ಕೊಳ್ಳುತ್ತಿದ್ದರು. ಆಮೇಲಾಮೇಲೆ ಕೈಯಲ್ಲಿ ದುಡ್ಡು ಆಡಿತು, ಕೊನೆ ಸೇರಿಸಿ ಅಚ್ಚು ಹಾಕಿಸಬಹುದಿತ್ತು. ಎಬೋ ಒಪ್ಪಲಿಲ್ಲ. "ಕೊನೇನೂ ಒಳಗೇ ಇದ್ರೆ ನನ್ನ ಹತ್ರ ಯಾರು ಬರ್ತಾರೆ?" ಎಂದ. ವ್ಯಾನಿನ ಬೆನ್ನಿಗೆ ಬೇರೆಯವರು ದೇವರ ಹೆಸರು, ಗಾದೆ ಬರೆಸಿದರೆ ಇವನು ಹಳದಿ ಬಣ್ಣದಲ್ಲಿ 'ದೋಣಿಯಿಂದ ಇಳಿದವನು ಯಾರು?' ಎಂದು ಬರೆಸಿದ. ದಾರಿಯುದ್ದಕ್ಕೂ ಪ್ಯಾಸೆಂಜರುಗಳಿಗೆ ಕತೆ ಹೇಳುತ್ತ ಹೋಗುವನು. ಕಸೋವಾದಲ್ಲಿ ವ್ಯಾನು ನಿಂತಾಗ ದೋಣಿಯೂ ದಡಕ್ಕೆ ಬಂದಿರುತ್ತಿತ್ತು, ಅಲ್ಲಿಗೆ ಬಾಯಿ ಮುಚ್ಚಿಬಿಡುವನು. ಮಿಕ್ಕ ವ್ಯಾಪಾರ ಕಂಡಕ್ಟರ್ ಫೀಫಿಯದು. ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಸೀಟು ಸೀಟಿಗೂ ಬರುವನು.

ಪುಕ್ಕಟೆ ಮಾತ್ರ ಒಂದೂ ಕೊಡಲಿಲ್ಲ. ಪಾದ್ರಿಗೂ ಇಲ್ಲ, ಊರ ಮುಖಂಡನಿಗೂ ಇಲ್ಲ. ಮೊದಲ ಕಟ್ಟು ಬಿಚ್ಚಿದ ದಿನ ಅರಬಾ ತಲೆಯ ಮೇಲೆ ಬ್ರೆಡ್ಡಿನ ತಟ್ಟೆ ಹೊತ್ತು ನಿಲ್ದಾಣದಲ್ಲೇ ಇದ್ದಳು. ಖುಷಿಯಿಂದ ಕೈ ಚಾಚಿದಳು. "ನನಗೊಂದು ಕೊಡಪ್ಪಾ."

"ದುಡ್ಡು?"

ಸುತ್ತ ಇದ್ದ ಡ್ರೈವರುಗಳು ಹೋ ಎಂದು ನಕ್ಕರು. ಅರಬಾಳ ಮುಖ ಕೆಂಡವಾಯಿತು. "ಹೌದಾ? ಹಾಗಾದ್ರೆ ನಾಳೆಯಿಂದ ಬ್ರೆಡ್ಡಿಗೂ ದುಡ್ಡು."

ಮರುದಿನ ಬೆಳಗ್ಗೆ ಎಬೋ ಬ್ರೆಡ್ಡು ತೆಗೆದುಕೊಂಡು, ನಾಣ್ಯಗಳನ್ನು ತಟ್ಟೆಯ ಅಂಚಿನಲ್ಲಿ ಇಟ್ಟು ಹೋದ. ಅವತ್ತಿನಿಂದ ಅದೇ ನಡೆಯಿತು. ಅವಳ ತಟ್ಟೆ ಹೋಗಿ ಗೂಡಂಗಡಿಯಾಯಿತು, ಅವನ ತಲೆ ಬೆಳ್ಳಗಾಯಿತು, ಅವಳವ್ವ ತೀರಿಕೊಂಡಳು, ಹಟ ಮಾತ್ರ ಹಾಗೇ ಇತ್ತು. ಪುಸ್ತಕದ ಬೆಲೆಯನ್ನೂ ಅವನು ಅವಳ ಅಂಗಡಿ ನೋಡಿಯೇ ಇಟ್ಟ. ಎರಡು ಬ್ರೆಡ್ಡಿಗೆ ಎಷ್ಟೋ ಅಷ್ಟು. ಹಿಟ್ಟಿನ ಬೆಲೆ ಏರಿ ಅವಳು ಬ್ರೆಡ್ಡಿಗೆ ಏರಿಸಿದರೆ ಇವನೂ ಏರಿಸುವನು. "ನಾನೇನು ಮಾಡ್ಲಿ, ನನ್ನ ಮಗಳನ್ನ ಕೇಳಿ" ಎಂದು ಗಿರಾಕಿಗಳ ಮುಂದೆ ಕೈಚೆಲ್ಲುವನು.

ದಿನಾ ಬೆಳಗ್ಗೆ ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಕೇಳುವನು, "ಗೊತ್ತಾಯ್ತೇನೇ, ದೋಣಿಯಿಂದ ಇಳಿದವನು ಯಾರೂಂತ?"

"ಯಾರಾದ್ರೂ ಇಳೀಲಿ, ನನಗೇನು? ಇಳಿದೋನು ಬ್ರೆಡ್ ತಗೊಂಡ್ರೆ ಸಾಕು."

ಅದನ್ನು ಕೇಳಿದಾಗಲೆಲ್ಲ ಮೊದಲ ಸಲ ಕೇಳಿದವನಂತೆ ನಗುವನು. ಕೊನೆಯ ದಿನವೂ ನಕ್ಕ, ದುಡ್ಡು ಇಟ್ಟ, ಹೋಗಿ ವ್ಯಾನು ಹತ್ತಿದ. ವ್ಯಾನು ಹೊರಡಲಿಲ್ಲ. ಫೀಫಿ ಹೋಗಿ ನೋಡಿದರೆ ಬ್ರೆಡ್ಡು ತೊಡೆಯ ಮೇಲಿತ್ತು, ಎಬೋ ಸೀಟಿಗೆ ಒರಗಿಕೊಂಡು ಹೋಗಿಬಿಟ್ಟಿದ್ದ.

*

ಮಧ್ಯಾಹ್ನದ ಹೊತ್ತಿಗೆ ಮಣ್ಣು ಮಾಡಿ ಬಂದರು. ಪೆಟ್ಟಿಗೆಯನ್ನು ಅವನ ವ್ಯಾನಿನಲ್ಲೇ ಒಯ್ದಿದ್ದರು. ಸ್ಮಶಾನದ ತನಕ ಫೀಫಿ ಬಾಗಿಲಿನಲ್ಲಿ ಜೋತುಬಿದ್ದು, ಅಭ್ಯಾಸಬಲದಿಂದ "ಅಕ್ರಾ, ಅಕ್ರಾ, ಅಕ್ರಾ" ಎಂದು ಒಂದು ಸಲ ಕೂಗಿಯೂಬಿಟ್ಟ. ಕೂಗಿ, ಬಾಯಿ ಮುಚ್ಚಿಕೊಂಡು ಅತ್ತ. ಅವನ ಗಡ್ಡವೂ ಈಗ ಬೆಳ್ಳಗೇ.

ಶಾಮಿಯಾನದ ಕೆಳಗೆ ಕೆಂಪು ಕಪ್ಪು ಬಟ್ಟೆಯ ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತುಂಬಿದ್ದರು. ಮೆಕ್ಕೆಜೋಳದ ಕೆಂಕೆ ಮುದ್ದೆ, ಕರಿದ ಮೀನು, ಖಾರದ ಚಟ್ನಿ ಓಡಾಡುತ್ತಿತ್ತು. ಮೇಜಿನ ಹಿಂದೆ ಮೈಕಿನವನು ಯಾರು ಏನು ಕಾಣಿಕೆ ಕೊಟ್ಟರೆಂದು ಹೆಸರು ಹಿಡಿದು ಸಾರುತ್ತಿದ್ದ. ಅರಬಾ ಮೀನು ಮಾರುವ ತವಿಯಾಳ ಪಕ್ಕ ಹೋಗಿ ಕೂತಳು. ಮೊಟ್ಟಮೊದಲು ಪುಸ್ತಕ ಕೊಂಡವರಲ್ಲಿ ಅವಳೊಬ್ಬಳು.

"ಚಿಕ್ಕಮ್ಮಾ, ಒಂದು ಕೇಳ್ತೀನಿ. ಅಪ್ಪ ಹೋದ. ಇನ್ನು ನಿನ್ನ ಆಣೆ ಮುಗೀತು. ದೋಣಿಯಿಂದ ಇಳಿದವನು ಯಾರು?"

ತವಿಯಾ ಕೈ ತೊಳೆದುಕೊಂಡಳು, ಅತ್ತಿತ್ತ ನೋಡಿದಳು. "ಅಯ್ಯೋ ಕೂಸೇ, ಇನ್ನೂ ನಿನಗೆ ಗೊತ್ತಿಲ್ವಾ? ಇಳಿದವನು ಯಾರೂ ಇಲ್ಲ ಕಣೇ. ದೋಣಿ ಖಾಲಿ. ಎಕುವಾ ದೀಪ ಆರಿಸಿ ತಾನೇ ಹತ್ತಿ ಹೊರಟುಹೋದಳು. ಅದನ್ನ ಕೇಳಿ ಮನೆಗೆ ಹೋದೆ ನೋಡು, ಆ ನನ್ನ ಗಂಡ ಬೆಲ್ಟ್ ಬಿಚ್ತಾ ನಿಂತಿದ್ದ. ಮಾರನೇ ದಿನ ಗಂಟುಮೂಟೆ ಕಟ್ಟಿ ಅವ್ವನ ಮನೆ ಸೇರಿದೆ."

"ಏನು? ಖಾಲಿಯಾ?" ಹಿಂದಿನ ಸಾಲಿನ ಮುದುಕಿ ಕ್ವಾನ್ಸಿಮಾ ಕುರ್ಚಿ ಸಮೇತ ಮುಂದೆ ಜರುಗಿದಳು. ಸಾಲ್ಟ್‌ಪಾಂಡಿನವಳು, ಅವಳ ಗಂಡನೂ ಸಮುದ್ರದ ಪಾಲಾದವನೇ. "ಬಾಯಿಗೆ ಬಂದಿದ್ದು ಮಾತಾಡಬೇಡ. ಗಂಡ ಬಂದ! ಮುಪ್ಪಾಗಿದ್ದ, ಹಲ್ಲು ಬಿದ್ದಿತ್ತು. 'ದೀಪ ಕಾಣ್ತಾ ಇತ್ತು ಎಕುವಾ, ದಿನಾ ಕಾಣ್ತಾ ಇತ್ತು' ಅಂದ. ಎಬೋನೇ ನನ್ನ ಕೈ ಹಿಡ್ಕೊಂಡು ಹೇಳಿದ್ದು."

"ನಿನಗೆ ಕಿವಿ ಮಂದ ಅಜ್ಜಿ. ಖಾಲಿ ದೋಣಿ!"

"ನಿನ್ನ ತಲೆ ಖಾಲಿ!"

"ಇಬ್ರದ್ದೂ ತಪ್ಪು," ಎಂದ ರಸ್ತೆ ಕಾವಲಿನಲ್ಲಿ ವರ್ಷಗಟ್ಟಲೆ ಆ ವ್ಯಾನನ್ನು ನಿಲ್ಲಿಸುತ್ತಿದ್ದ ಪೊಲೀಸಿನವನು. ಇವತ್ತು ಸಮವಸ್ತ್ರ ಇರಲಿಲ್ಲ, ಎಲ್ಲರಂತೆ ಕಪ್ಪಂಗಿ. "ಇಳಿದವನು ಮಗ. ಅಪ್ಪನ ಹತ್ರ ಜಗಳ ಆಡಿ ಓಡಿಹೋಗಿದ್ದ ಮಗ, ಕಾಲಿಗೆ ಬಿದ್ದ. ಅದನ್ನ ಕೇಳಿ ನಾನು ನನ್ನ ಮಗನಿಗೆ ಫೋನ್ ಮಾಡ್ದೆ."

"ಎಕುವಾಗೆ ಮಗ ಎಲ್ಲಿದ್ದ ಸ್ವಾಮಿ? ಇಡೀ ಪುಸ್ತಕದಲ್ಲಿ ಮಗನೇ ಇಲ್ಲ!"

"ಅದೇ ತಾನೇ ಆಶ್ಚರ್ಯ!"

ಗಲಾಟೆ ಒಂದು ಶಾಮಿಯಾನದಿಂದ ಇನ್ನೊಂದಕ್ಕೆ ಹಬ್ಬಿತು. ಇಳಿದವನು ಗಂಡಸೇ ಅಲ್ಲ, ಹೆಂಗಸು ಎಂದರು, ಬಟ್ಟೆ ವ್ಯಾಪಾರಿಯೇ ವೇಷ ಹಾಕಿ ಬಂದದ್ದು ಎಂದರು. ಪಾದ್ರಿಗಳು ಹೇಳಿದ್ದು ಬೇರೆಯೇ, ಅದನ್ನು ಅವರು ಕರ್ಚೀಫಿನಲ್ಲಿ ಮುಖ ಹುದುಗಿಸಿ ಹೇಳಿದ್ದರಿಂದ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಮೈಕಿನವನು ಕಾಣಿಕೆ ಸಾರುವುದನ್ನು ನಿಲ್ಲಿಸಿ, "ಸುಮ್ನಿರ್ರಪ್ಪಾ, ಇದು ಸಾವಿನ ಮನೆ! ಅಂದ ಹಾಗೆ ನನಗೆ ಹೇಳಿದ್ದು..." ಎಂದು ತಾನೂ ಶುರು ಮಾಡಿದ.

ವ್ಯಾನಿನ ಹೊಸ ಒಡೆಯ ಕ್ವಾಮೆನಾ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. "ಉಳಿದದ್ದು ಡ್ರೈವರನ್ನು ಕೇಳಿ ಅಂತ ಅಚ್ಚಾಗಿದೆಯಲ್ಲ. ಈಗ ಡ್ರೈವರ್ ನಾನು. ನಾನೇನಂತ ಹೇಳ್ಲಿ?"

ಅರಬಾ ಎದ್ದು ಫೀಫಿ ಇದ್ದಲ್ಲಿಗೆ ಹೋದಳು. ಅವನು ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ, ಇವತ್ತೂ ಕಂಕುಳಲ್ಲಿ ನಾಲ್ಕಾರು ಪುಸ್ತಕ.

"ಫೀಫಿ ಮಾಮಾ, ನಿಜ ಹೇಳು. ಇದರಲ್ಲಿ ಯಾವುದು ಸರಿ? ಹಸ್ತಪ್ರತಿಯಲ್ಲಿ ಏನಿತ್ತು?"

"ಅದನ್ನ ಎಬೋ ಅಣ್ಣ ಮೊದಲನೇ ವಾರಾನೇ ಹರಿದು ಹಾಕ್ಬಿಟ್ರು ಕಣಮ್ಮ. ಆ ತವಿಯಾ ಬಂದು ಪಕ್ಕ ಕೂತ್ಲಲ್ಲ, ಅವಳೇ ಮೊದಲನೇ ಗಿರಾಕಿ. ಕತ್ತಿನ ಮೇಲೆ ಬಾಸುಂಡೆ. ಅವಳ ಮುಖ ನೋಡಿ, ಬರೆದಿದ್ದನ್ನ ಹೇಳೋಕೆ ಬಾಯೇ ಬರ್ಲಿಲ್ವಂತೆ. ಆಮೇಲೆ ಯಾರು ಬಂದ್ರೂ ಅಷ್ಟೆ. ಮುಖ ನೋಡೋರು, ಸ್ವಲ್ಪ ಹೊತ್ತು ಸುಮ್ನಿರೋರು, ಆಮೇಲೆ ಗಾಜು ಏರಿಸೋರು."

"ಅಷ್ಟು ಜನಕ್ಕೆ ಹೇಳಿದ. ನನಗೆ?"

ಫೀಫಿ ತಲೆ ತಗ್ಗಿಸಿದ. "ಒಂದ್ಸಲ ನಾನೂ ರೇಗಿಸ್ದೆ. ಮಗಳಿಗೆ ಒಂದು ಪುಸ್ತಕ ಕೊಟ್ರೆ ಗಂಟೇನು ಹೋಗುತ್ತೆ ಅಂತ. 'ಕೊಡಬಹುದು ಕಣೋ. ಕೊಟ್ರೆ ಅಪ್ಪನದು ಅಂತ ಕಣ್ಣಿಗೊತ್ತಿ ಗೂಡಲ್ಲಿ ಇಡ್ತಾಳೆ. ನನಗೆ ಅವಳು ದುಡ್ಡು ಕೊಟ್ಟು ಕೊಳ್ಳಬೇಕು. ಇದರಲ್ಲೇನೋ ಇದೆ ಅಂತ ಅವಳಿಗೇ ಅನ್ನಿಸಿ ಬರಬೇಕು. ಅವಳಿಗೆ ಹೇಳೋದನ್ನ ಇಟ್ಟಿದ್ದೀನಿ' ಅಂದ್ರು. ಏನಂತ ನನಗೂ ಹೇಳ್ಲಿಲ್ಲ ತಾಯಿ."

ಅರಬಾಳಿಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಅಳದವಳು ಈಗ ವ್ಯಾನಿನ ಬಾಗಿಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ಬೆಳಗು, ಎಷ್ಟು ಬ್ರೆಡ್ಡು! ಒಂದೇ ಒಂದು ದಿನ ಎರಡು ಬ್ರೆಡ್ಡಿನ ದುಡ್ಡು ಅವನ ಕೈಗೆ ಹಾಕಿದ್ದರೆ ಆಗುತ್ತಿತ್ತು. ಫೀಫಿ ಅವಳ ಬೆನ್ನು ಸವರಿದ.

ಅತ್ತು ಮುಗಿದ ಮೇಲೆ ಹೊದ್ದ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡಳು. ಸೊಂಟದ ಗಂಟು ಬಿಚ್ಚಿ, ಎರಡು ಬ್ರೆಡ್ಡಿನ ದುಡ್ಡು ತೆಗೆದು ಫೀಫಿಯ ಮುಂದೆ ಹಿಡಿದಳು. "ಒಂದು ಕೊಡು."

"ಏನಮ್ಮ ಇದು? ಎಲ್ಲಾ ನಿನ್ನವೇ. ನಿನ್ನ ಪುಸ್ತಕ ನೀನೇ ಕೊಳ್ಳೋದಾ?"

"ಅಪ್ಪನ ಹತ್ರ ಪುಕ್ಕಟೆ ತಗೊಳ್ಳಲ್ಲ. ಕೊಡು."

ಫೀಫಿ ಕಂಕುಳಿಂದ ಒಂದನ್ನು ಎಳೆದು, ಅಂಗಿಯ ತುದಿಯಿಂದ ಧೂಳು ಒರೆಸಿ, ಗಿರಾಕಿಗೆ ಕೊಡುವಂತೆಯೇ ಎರಡೂ ಕೈಯಲ್ಲಿ ಕೊಟ್ಟ. ದುಡ್ಡನ್ನು ಮೇಜಿಗೆ ಒಯ್ದ. ಮೈಕಿನವನು ತಪ್ಪು ತಿಳಿದು, "ಮಗಳು ಅರಬಾ ಅವರಿಂದ ಕಾಣಿಕೆ" ಎಂದು ಶುರು ಮಾಡಿದವನು ಫೀಫಿ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ತಡೆದ. ಗಂಟಲು ಸರಿಮಾಡಿಕೊಂಡ. "ಕಾಣಿಕೆ ಅಲ್ವಂತೆ. ಬ್ರೆಡ್ ಅಂಗಡಿ ಅರಬಾ, ಒಂದು ಪುಸ್ತಕ ಕೊಂಡಿದ್ದಾರೆ!"

ಡ್ರೈವರುಗಳ ಕಡೆಯಿಂದ ಶಿಳ್ಳೆ ಎದ್ದಿತು. ಅಂದು ನಿಲ್ದಾಣದಲ್ಲಿ ಹೋ ಎಂದು ನಕ್ಕವರಲ್ಲಿ ಉಳಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅರಬಾ ವ್ಯಾನಿನ ಮುಂದಿನ ಸೀಟು ಹತ್ತಿ ಕೂತಳು. ಪುಸ್ತಕವನ್ನು ತೊಡೆಯ ಮೇಲೆ ಇಟ್ಟು ಕೊನೆಯ ಪುಟ ತೆರೆದಳು. 'ಅದರಿಂದ ಇಳಿದವನು.' ಪಕ್ಕದ ಡ್ರೈವರ್ ಸೀಟು ಖಾಲಿಯಿತ್ತು. ಅದರ ರೆಕ್ಸಿನ್ ಅಪ್ಪನ ಬೆನ್ನಿನ ಅಗಲಕ್ಕೆ ಸವೆದಿತ್ತು. ಬ್ರೆಡ್ಡಿನ ಪುಡಿ ಇನ್ನೂ ಹೊಲಿಗೆಯ ಸಂದಿಯಲ್ಲಿತ್ತು.

ಹೊರಗೆ ಕೋಲು ಊರಿಕೊಂಡು ಬರುವ ಸದ್ದಾಯಿತು. ದೊಡ್ಡಪ್ಪ ಕೊಬಿನಾ. ಡ್ರೈವರ್ ಬದಿಯ ಬಾಗಿಲು ತೆಗೆದು, ಬಟ್ಟೆ ಎತ್ತಿ ಹಿಡಿದು, ಉಸ್ಸಪ್ಪಾ ಎಂದು ಹತ್ತಿ ಸ್ಟೀರಿಂಗಿನ ಮುಂದೆ ಕೂತ. ಬಟ್ಟೆಯ ಮಡಿಕೆಯೊಳಗೆ ಕೈಹಾಕಿ ಏನನ್ನೋ ಎಳೆದ. ಅದೇ ಪುಸ್ತಕ. ಮೂಲೆಗಳು ಮಡಚಿ, ರಟ್ಟು ಹರಿದು, ಅಂಟುಪಟ್ಟಿ ಹಾಕಿ ಕಾಪಾಡಿದ್ದು.

"ನೀನೂ ಕೊಂಡಿದ್ಯಾ ದೊಡ್ಡಪ್ಪಾ? ರದ್ದಿ ಅಂತಿದ್ದೆ!"

"ಬೈಕೊಂಡೇ ಕೊಂಡೆ. ಆಗ ನಾವಿಬ್ರೂ ಮಾತು ಬಿಟ್ಟಿದ್ವಿ, ಅವ್ವನ ಜಮೀನಿನ ಜಗಳ. ಹೇಳಲಿ ನೋಡೋಣ ಅಂತ ಬಂದು ಇಲ್ಲೇ ಕೂತೆ, ನೀನು ಕೂತಿದ್ದೀಯಲ್ಲ, ಅಲ್ಲೇ." ಮುದುಕ ಸ್ಟೀರಿಂಗನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅವಳ ಮುಖ ನೋಡಿದ. "ನಿನಗೆ ಅಂತ ಅವನು ಇಟ್ಟಿದ್ದು ನನಗೆ ಗೊತ್ತಿಲ್ಲ ಮಗಳೇ. ಆದ್ರೆ ನನಗೆ ಏನು ಕೊಟ್ಟ ಅನ್ನೋದನ್ನ ಕೊಡ್ತೀನಿ. ಆಣೆ ಹಾಕು, ಯಾರಿಗೂ ಹೇಳಲ್ಲ ಅಂತ."

"ಆಣೆ."

"ನಾಲ್ಕು ಪುಟಾನೂ ಅಚ್ಚು ಹಾಕಿಸಲ್ಲ ಅಂತ."

ಅರಬಾ ಪುಸ್ತಕ ಮುಚ್ಚಿದಳು. "ಹಾಕಿಸಲ್ಲ. ಆಣೆ."

ಕೊಬಿನಾ ಬಗ್ಗಿ ತನ್ನ ಕಡೆಯ ಗಾಜು ಏರಿಸಿದ. ಅರಬಾ ತನ್ನ ಕಡೆಯದನ್ನು ಏರಿಸಿದಳು. ಒಳಗಿನ ಮಾತು ನಮಗಾರಿಗೂ ಕೇಳಿಸಲಿಲ್ಲ. ಮುದುಕನ ಕೈ ಅತ್ತಿತ್ತ ಆಡುವುದು ಕಂಡಿತು, ಅರಬಾ ಮೊದಲು ಕಣ್ಣೊರೆಸಿಕೊಂಡದ್ದು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದು ಕಂಡಿತು. ಅಷ್ಟು ಹೊತ್ತಿಗೆ ಮುದುಕಿ ಕ್ವಾನ್ಸಿಮಾ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಡ್ರೈವರ್ ಬಾಗಿಲ ಪಕ್ಕ ಹಾಕಿ ಕೂತಿದ್ದಳು. ಅವಳ ಹಿಂದೆ ತವಿಯಾ, ತವಿಯಾಳ ಹಿಂದೆ ಪೊಲೀಸಿನವನು, ಅವನ ಹಿಂದೆ ಪಾದ್ರಿ. ಕೆಂಪು ಕಪ್ಪು ಬಟ್ಟೆಯ ಸಾಲು ಶಾಮಿಯಾನ ದಾಟಿ ರಸ್ತೆಗೆ ಇಳಿದಿತ್ತು. ಫೀಫಿ ಎದ್ದು, ಕಂಕುಳಲ್ಲಿ ಪುಸ್ತಕ ಸರಿಮಾಡಿಕೊಂಡು, "ನೂಕಬೇಡಿ, ನೂಕಬೇಡಿ, ಒಬ್ಬೊಬ್ಬರಾಗಿ" ಎನ್ನುತ್ತ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತ.